ಕಡಲ ತಳದಲ್ಲಿ ಓಡಾಡೋಣ: ದೋಣಿಯನ್ನು ಮರಳ ಮೇಲೆ ಕೂರಿಸುವುದು ಹೇಗೆ?

ನೆದರ್‌ಲೆಂಡ್ಸ್‌ನ ಉತ್ತರಕ್ಕೆ ಟೆಸಲ್, ಫ್ಲೀಲಾಂಡ್, ಟೆರ್‌ಸ್ಕೆಲಿಂಗ್, ಆಮೆಲಾಂಡ್ ಎಂಬ ದ್ವೀಪಗಳು ಸಾಲಾಗಿ ನಿಂತಿವೆ. ಆ ಸಾಲಿಗೂ ದಡಕ್ಕೂ ನಡುವೆ ಇರುವುದೇ ವಾಡನ್ ಸಮುದ್ರ. ದಿನಕ್ಕೆ ಎರಡು ಸಲ ನೀರು ಇಳಿದು, ಕಣ್ಣು ಹಾಯುವಷ್ಟು ದೂರ ಮರಳು, ಕೆಸರು ಮೇಲೇಳುತ್ತದೆ. 2009ರಿಂದ ಇದು ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಬೇರೆ ಕಡೆ ದೋಣಿ ನೆಲಕ್ಕೆ ತಾಗಿದರೆ ಎದೆ ಧಸಕ್ಕೆನ್ನುತ್ತದೆ. ಇಲ್ಲಿ ಬೇಕೆಂದೇ ತಾಗಿಸುತ್ತಾರೆ. ನೀರು ಹೋದ ಮೇಲೆ ಏಣಿ ಇಳಿದು ಕಡಲ ತಳದಲ್ಲೇ ನಡೆಯುತ್ತಾರೆ.

ಇದಕ್ಕೆ ತಳ ಚಪ್ಪಟೆಯಾದ ದೋಣಿಯೇ ಬೇಕು. ಕೆಳಗೆ ಒಂದೇ ಉದ್ದ ಕೀಲ್ (ತಳದಿಂದ ಕೆಳಕ್ಕೆ ಚಾಚಿದ ರೆಕ್ಕೆಯಂಥ ಭಾಗ) ಇರುವ ಯಾಟ್ ನೀರಿಳಿದಾಗ ಮಗ್ಗುಲಿಗೆ ಉರುಳುತ್ತದೆ. ಹಾರ್ಲಿಂಗನ್ ಬಂದರಿನಲ್ಲಿ ಹಳೇ ಕಾಲದ ಹಾಯಿ ಹಡಗುಗಳು ನಾವಿಕರ ಸಮೇತ ಬಾಡಿಗೆಗೆ ಸಿಗುತ್ತವೆ. ಮೊದಲ ಸಲ ಹಾಗೆ ಹೋಗುವುದೇ ಒಳ್ಳೆಯದು.

ಲೆಕ್ಕ ಹಾಕಿಯೇ ಹೊರಡಿ

ಕಡಲ ನೀರು ಏರುವುದನ್ನು, ಇಳಿಯುವುದನ್ನು ನಮ್ಮ ಕರಾವಳಿಯವರು ಭರತ, ಇಳಿತ ಅಂತಾರಲ್ವಾ, ಎಲ್ಲ ಅದರ ಮೇಲೇ ನಿಂತಿದೆ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ನೀರು ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಒಟ್ಟು ಇಳಿತವನ್ನು 12 ಪಾಲು ಮಾಡಿ. ಆರು ಗಂಟೆಗಳಲ್ಲಿ ಕ್ರಮವಾಗಿ 1, 2, 3, 3, 2, 1 ಪಾಲು ಇಳಿಯುತ್ತದೆ.

ಒಂದು ಉದಾಹರಣೆ ನೋಡಿ. ಬೆಳಿಗ್ಗೆ 10ಕ್ಕೆ ಭರತ, ಒಟ್ಟು ಇಳಿತ 2 ಮೀಟರ್. ನೀವು ಆರಿಸಿದ ಜಾಗದಲ್ಲಿ ಆಗ 1.4 ಮೀಟರ್ ನೀರಿದೆ. ದೋಣಿಗೆ 80 ಸೆಂಟಿಮೀಟರ್ ಸಾಕು. ಅಂದರೆ 60 ಸೆಂಟಿಮೀಟರ್ ಇಳಿದಾಗ, ಸುಮಾರು 12.15ಕ್ಕೆ, ದೋಣಿ ಕೂರುತ್ತದೆ. ಎರಡಕ್ಕೆಲ್ಲ ಸುತ್ತ ಒಣ ಮರಳು. ಮತ್ತೆ ತೇಲುವುದು ರಾತ್ರಿ ಎಂಟರ ನಂತರವೇ. ನಡುವೆ ಹೊರಡಬೇಕೆಂದರೂ ಆಗುವುದಿಲ್ಲ, ಹಾಗಾಗಿ ಊಟ, ಕುಡಿಯುವ ನೀರು ಜಾಸ್ತಿಯೇ ಇರಲಿ.

ಎರಡು ಎಚ್ಚರಿಕೆ. ಹುಣ್ಣಿಮೆ, ಅಮಾವಾಸ್ಯೆಯ ನಂತರದ ದೊಡ್ಡ ಭರತದ ತುದಿಯಲ್ಲಿ ಎತ್ತರದ ಜಾಗಕ್ಕೆ ಹೋಗಿ ಕೂರಬೇಡಿ. ಮುಂದಿನ ಭರತಗಳು ದಿನದಿಂದ ದಿನಕ್ಕೆ ಚಿಕ್ಕದಾಗುತ್ತವೆ, ಎರಡು ವಾರ ಅಲ್ಲೇ ಉಳಿಯಬೇಕಾದೀತು. ಇನ್ನೊಂದು, ಪೂರ್ವದ ಗಾಳಿ ಜೋರಾಗಿ ಬೀಸಿದರೆ ಭರತದ ವೇಳಾಪಟ್ಟಿಯಲ್ಲಿ ಬರೆದಷ್ಟು ನೀರು ಬರುವುದೇ ಇಲ್ಲ.

ದ್ವೀಪಗಳ ಹಿಂದೆ ಎರಡೂ ಕಡೆಯ ಭರತ ಬಂದು ಕೂಡುವ ಎತ್ತರದ ಜಾಗಗಳಿವೆ. ಅವನ್ನು ಭರತಕ್ಕೆ ಸ್ವಲ್ಪ ಮುಂಚೆ ದಾಟಿ. ಅಕಸ್ಮಾತ್ ತಾಗಿದರೂ ಏರುವ ನೀರೇ ಎತ್ತಿಬಿಡುತ್ತದೆ. ದಾರಿ ತೋರಿಸಲು ಸಣ್ಣ ಮರದ ಕೊಂಬೆಗಳನ್ನು ನೆಟ್ಟಿರುತ್ತಾರೆ.

ಕೂರಿಸುವುದು

ನೀರು ಇಳಿಯುತ್ತಿರುವಾಗ ಲಂಗರು ಹಾಕಿ. ಉದ್ದನೆಯ ಕೋಲಿನಿಂದ ದೋಣಿಯ ಸುತ್ತ ಆಳ ನೋಡಿ. ಒಂದು ಕಡೆ ಮರಳ ನಡುವೆ ನೀರು ಹರಿಯುವ ಕಾಲುವೆಯ ಅಂಚಿದ್ದರೆ ದೋಣಿ ವಾಲುತ್ತದೆ, ಜಾಗ ಬದಲಿಸಿ. ಲಂಗರು ದೋಣಿಯ ಅಡಿಗೆ ಬಾರದಂತೆ ದೂರವಿರಲಿ. ಅದರ ಮೇಲೇ ಕೂತರೆ ತಳ ತೂತಾಗಬಹುದು. ದೋಣಿಯ ಎರಡೂ ಪಕ್ಕಕ್ಕೆ ನೀರಿಗೆ ಇಳಿಬಿಟ್ಟ ಹಲಗೆಗಳಿದ್ದರೆ ಮೇಲೆತ್ತಿ. ತಳ ತಾಗುವ ಮೊದಲೇ ಎಂಜಿನ್ ನಿಲ್ಲಿಸಿ, ಇಲ್ಲದಿದ್ದರೆ ತಣಿಸುವ ನೀರಿನ ಜೊತೆ ಮರಳೂ ಒಳಗೆ ಹೋಗುತ್ತದೆ.

ಇಳಿದ ಮೇಲೆ

ಮೊದಲು ಸುಮ್ನೆ ನಿಂತು ಕೇಳಿ. ಒದ್ದೆ ಕೆಸರೆಲ್ಲ ಚಿಟಿಚಿಟಿ ಎನ್ನುತ್ತಿರುತ್ತದೆ. ಬಿಲದೊಳಗಿನ ಪುಟ್ಟ ಸಿಗಡಿಯಂಥ ಜೀವಿಗಳ ಸದ್ದು ಅದು. ಕಾಲ ಬುಡದಲ್ಲಿ ಶಾವಿಗೆ ಒತ್ತಿ ಬಿಟ್ಟಂತೆ ಮರಳಿನ ಸುರುಳಿಗಳು ಕಾಣುತ್ತವೆ. ಅಲ್ಲೊಂದು ಹುಳು ಮರಳು ತಿಂದು, ಸಾರ ಹೀರಿ, ಉಳಿದದ್ದನ್ನು ಹೊರಗೆ ಹಾಕಿದೆ. ಈ ಹುಳು, ಚಿಪ್ಪುಗಳನ್ನು ನಂಬಿಯೇ ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ವಲಸೆ ಹಕ್ಕಿಗಳು ಇಲ್ಲಿಗೆ ಬರುತ್ತವೆ. ಹಕ್ಕಿಗಳ ಹಿಂಡು, ಮಲಗಿದ ಸೀಲ್‌ಗಳು ಕಂಡರೆ ದೂರದಿಂದಲೇ ನೋಡಿ. ಸೀಲ್ ತಲೆ ಎತ್ತಿತು ಅಂದರೆ ನೀವು ಆಗಲೇ ಹತ್ತಿರ ಹೋಗಿದ್ದೀರಿ, ಹಿಂದೆ ಸರಿಯಿರಿ. ಗ್ರೀಂಡ್ ಎಂಬುದು ಹಕ್ಕಿಗಳ ದ್ವೀಪ, ಅಲ್ಲಿ ಇಳಿಯುವಂತಿಲ್ಲ.

ಬರಿಗಾಲು ಹಿತವೇ, ಆದರೆ ಸಿಂಪಿ ಚಿಪ್ಪುಗಳು ಬ್ಲೇಡಿನಂತೆ ಕೊಯ್ಯುತ್ತವೆ. ಹಳೇ ಶೂ ಹಾಕಿಕೊಳ್ಳಿ. ಮಂಜು ಕವಿದರೆ ದೋಣಿಯೇ ಕಾಣದು, ಜೇಬಿನಲ್ಲಿ ದಿಕ್ಸೂಚಿ ಇರಲಿ.

ನೀರು ತಿರುಗುವ ಹೊತ್ತಿಗೆ ದೋಣಿಯ ಹತ್ತಿರ ಇರಿ. ನೀರು ಮೊದಲು ತುಂಬುವುದು ಕಾಲುವೆಗಳನ್ನು. ನೀವು ನಿಂತ ಮರಳು ಒಣಗಿಯೇ ಇರುತ್ತದೆ, ದೋಣಿಗೆ ಹಿಂತಿರುಗುವ ದಾರಿ ಮಾತ್ರ ಮುಚ್ಚಿರುತ್ತದೆ. ಏಣಿ ಮೇಲೆಳೆದುಕೊಂಡು ಕಾಯಿರಿ. ತಳದಲ್ಲಿ ಒಂದೆರಡು ಮೆಲ್ಲನೆಯ ಗುದ್ದು ಕೇಳಿಸುತ್ತದೆ, ಆಮೇಲೆ ದೋಣಿ ಹಗುರಾಗುತ್ತದೆ. ಚುಕ್ಕಾಣಿ ಸಲೀಸಾಗಿ ತಿರುಗಿದರೆ ಲಂಗರು ಎತ್ತಿ.