ಪತ್ರ ಬಾರದಿದ್ದಕ್ಕೆ ಕಾರಣ ಅಂಚೆ ಡಬ್ಬಿ

ತಂಗಿ ಗಂಗಾವತಿಯಿಂದ ಕೆಲಸಕ್ಕೆಂದು ಜರ್ಮನಿಗೆ ಹೋದಳು. ಅಲ್ಲಿ ಮನೆ ಸೇರಿದ 14 ದಿನದೊಳಗೆ ವಿಳಾಸ ನೋಂದಾಯಿಸಬೇಕು. ಮನೆ ಮಾಲೀಕರ ಸಹಿ ಇರುವ ಪತ್ರ ಕೊಟ್ಟು ಅದನ್ನು ಮುಗಿಸಿದಳು. ಆಮೇಲೆ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರಬೇಕಿತ್ತು. ಬರಲೇ ಇಲ್ಲ. ಅದಿಲ್ಲದಿದ್ದರೆ ಸಂಬಳದಲ್ಲಿ ತೆರಿಗೆ ಜಾಸ್ತಿ ಕಡಿತ. ಪಾಪ, ಫೋನ್‌ನಲ್ಲಿ ಅತ್ತೇಬಿಟ್ಟಳು.

ವಿಡಿಯೋ ಕಾಲ್‌ನಲ್ಲಿ ಅಂಚೆ ಡಬ್ಬಿ ತೋರಿಸು ಅಂದೆ. ಹಳೇ ಬಾಡಿಗೆದಾರರ ಹೆಸರೇ ಇತ್ತು! ನಮ್ಮೂರಲ್ಲಿ ಅಪ್ಪನ ಹೆಸರಿದ್ದರೆ ಸಾಕು, ಅಂಚೆಯಣ್ಣ ಮನೆಗೇ ತಂದುಕೊಡುತ್ತಾರೆ, ಅಲ್ವಾ? ಅಲ್ಲಿ ಡಬ್ಬಿ ಮೇಲೆ ಹೆಸರಿಲ್ಲದಿದ್ದರೆ ಪತ್ರ ವಾಪಸ್. ಬಿಳಿ ಟೇಪ್ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆದು ಅಂಟಿಸಿದಳು, ಬಾಗಿಲ ಬೆಲ್ ಪಕ್ಕದಲ್ಲೂ. ಸಂಖ್ಯೆ ಮತ್ತೆ ಕಳಿಸಿ ಅಂತ ಕೇಂದ್ರ ತೆರಿಗೆ ಕಚೇರಿಗೆ ಆನ್‌ಲೈನ್‌ನಲ್ಲಿ ಕೇಳಿದಳು. ಕೆಲವು ವಾರದಲ್ಲಿ ಪತ್ರ ಕೈಸೇರಿತು.