ಪತ್ರ ಬರೆಯುವ ಮೊದಲು ಹಳೆಯ ರಸೀದಿ ಪುಸ್ತಕ ತೆಗೆದೆ

ರಸಾಯನಶಾಸ್ತ್ರ ಪಾಠ ಮಾಡಿಕೊಂಡಿದ್ದ ನನ್ನ ತಲೆಗೆ ಕಾಲೇಜಿನ ದೇಣಿಗೆ ಸಂಗ್ರಹದ ಕೆಲಸ ಬಿದ್ದದ್ದು ಬೇರೆ ಯಾರೂ ಒಪ್ಪಲಿಲ್ಲ ಅನ್ನುವ ಒಂದೇ ಕಾರಣಕ್ಕೆ. ನಮ್ಮದು ಚಿಕ್ಕ ಖಾಸಗಿ ಕಾಲೇಜು. ಶುಲ್ಕದಲ್ಲಿ ಸಂಬಳ ಕಳೆದರೆ ಉಳಿಯುವುದು ಸುಣ್ಣಬಣ್ಣಕ್ಕೂ ಸಾಲದು. ‘ಇಲ್ಲಿ ಓದಿ ದೊಡ್ಡವರಾದವರು ಇದ್ದಾರಲ್ಲ, ಹಿಡಿಯಿರಿ’ ಅಂದರು ಆಡಳಿತ ಮಂಡಳಿಯವರು. ಮೊದಲ ವರ್ಷ ಹಿಡಿಯಲು ಹೊರಟೆ. ವಿಳಾಸ ಸಿಕ್ಕವರಿಗೆಲ್ಲ ಒಂದೇ ಒಕ್ಕಣೆಯ ಪತ್ರ. ಬಂದ ಹಣದಲ್ಲಿ ಮುದ್ರಣ, ಅಂಚೆ ಖರ್ಚು ಕಳೆದು ನೋಡಿದರೆ ಇಡೀ ಲೆಕ್ಕ ಅಂಗೈಯಲ್ಲಿ ಹಿಡಿಸುವಷ್ಟಿತ್ತು.

ಎರಡನೇ ವರ್ಷ ಪತ್ರ ಬರೆಯಲಿಲ್ಲ. ಕಚೇರಿಯ ಗುಮಾಸ್ತರ ಜೊತೆ ಕೂತು ಹಳೆಯ ರಸೀದಿ ಪುಸ್ತಕಗಳನ್ನು ತಿರುವಿ ಹಾಕಿದೆ. ಒಂದು ಸಲ ಕೊಟ್ಟು ಮತ್ತೆ ಕಾಣಿಸದವರೇ ತುಂಬ. ಈ ಕಸುಬಿನಲ್ಲಿ ಹೋದ ವರ್ಷ ಕೊಟ್ಟು ಈ ವರ್ಷ ಕೊಡದವರಿಗೆ ‘ಲೈಬಂಟ್’ ಅಂತಲೂ, ಹಿಂದೆ ಯಾವಾಗಲೋ ಕೊಟ್ಟು ಈಗ ನಿಲ್ಲಿಸಿದವರಿಗೆ ‘ಸೈಬಂಟ್’ ಅಂತಲೂ ಹೇಳುತ್ತಾರೆ. ಕೀಟನಾಶಕದ ಹೆಸರಿನ ಹಾಗಿವೆ, ಆದರೆ ಆ ಎರಡು ಪಟ್ಟಿಯೇ ನನ್ನ ಬಂಡವಾಳ. ಎಂದೂ ಕೊಡದ ಸಾವಿರ ಜನರ ಬೆನ್ನು ಹತ್ತುವುದಕ್ಕಿಂತ, ಒಮ್ಮೆ ಕೊಟ್ಟ ನೂರು ಜನರಿಗೆ ಫೋನ್ ಮಾಡುವುದು ಲೇಸು.

ಫೋನ್ ಮಾಡಿದೆ. ಯಾಕೆ ನಿಲ್ಲಿಸಿದಿರಿ ಅಂತ ಯಾರನ್ನೂ ಕೇಳಲಿಲ್ಲ. ‘ಆಗ ಕೊಟ್ಟಿದ್ದಿರಿ, ಆಮೇಲೆ ಒಂದು ಮಾತು ತಿಳಿಸಲಿಲ್ಲ, ತಪ್ಪಾಯಿತು’ ಅಂದೆ ಅಷ್ಟೆ. ಒಬ್ಬರು ನಕ್ಕರು: ‘ರಸೀದಿ ನಾಲ್ಕು ತಿಂಗಳಿಗೆ ಬಂತು ಸಾರ್. ಅದರ ಜೊತೆಗೇ ಇನ್ನೊಂದು ಕೇಳಿಕೆ ಪತ್ರ!’

ಇನ್ನೊಂದು ಕರೆ ಮರೆಯಲಾಗಿಲ್ಲ. ಗ್ರಂಥಾಲಯಕ್ಕೆಂದೇ ಕೊಟ್ಟಿದ್ದ ಹಳೆಯ ವಿದ್ಯಾರ್ಥಿನಿ. ‘ಯಾವ ಪುಸ್ತಕ ಕೊಂಡಿರಿ? ಒಂದೆರಡರ ಹೆಸರು ಹೇಳಿ ಸಾಕು.’ ಲೆಡ್ಜರ್ ನನ್ನ ಮುಂದೆಯೇ ಇತ್ತು. ಅವರ ಹಣ ಸಾಮಾನ್ಯ ಖಾತೆಗೆ ಜಮೆಯಾಗಿ, ಪ್ರಯೋಗಾಲಯದ ಸೋರುವ ಪೈಪಿಗೆ ಹೋಗಿತ್ತು. ಹಾಗೇ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಮುಂದಿನ ತಿಂಗಳು ಅಷ್ಟೇ ಮೊತ್ತದ ಪುಸ್ತಕ ಕೊಂಡು, ಬೆನ್ನಿನ ಮೇಲಿನ ನಂಬರ್ ಕಾಣುವ ಹಾಗೆ ಫೋಟೋ ತೆಗೆದು ಕಳಿಸಿದೆವು. ಅವರು ಮತ್ತೆ ಹಣ ಕೊಟ್ಟಿಲ್ಲ. ಆದರೆ ತಮ್ಮ ಬ್ಯಾಚಿನ ಹನ್ನೊಂದು ಜನರ ಫೋನ್ ನಂಬರ್ ಕಳಿಸಿದರು.

ಅಂದಿನಿಂದ ಇಂಥದ್ದಕ್ಕೇ ಎಂದು ಕೊಟ್ಟದ್ದು ಒಂದು ಖಾತೆ, ಎಲ್ಲಿಗಾದರೂ ಎಂದು ಕೊಟ್ಟದ್ದು ಇನ್ನೊಂದು. ನಿಜ ಹೇಳಬೇಕೆಂದರೆ ನಮಗೆ ಬೇಕಾದದ್ದು ಎರಡನೆಯದು. ಕರೆಂಟ್ ಬಿಲ್ಲಿಗೆ ತನ್ನ ಹೆಸರಿನ ಫಲಕ ಹಾಕಿಸಿ ಎನ್ನುವ ದಾನಿ ಇನ್ನೂ ಹುಟ್ಟಿಲ್ಲ.

ದತ್ತಿನಿಧಿಯ (ಅಸಲು ಮುಟ್ಟದೆ ಅದರ ಆದಾಯವನ್ನಷ್ಟೇ ಖರ್ಚು ಮಾಡುವ ನಿಧಿ) ವಿಷಯದಲ್ಲಿ ಲೆಕ್ಕ ಬಿಡಿಸಿ ಹೇಳದಿದ್ದರೆ ಆಮೇಲೆ ಮನಸ್ತಾಪ. ಒಬ್ಬರು ತಾಯಿಯ ಹೆಸರಿನಲ್ಲಿ ‘ಶಾಶ್ವತ’ ವಿದ್ಯಾರ್ಥಿವೇತನ ಇಡಲು ಬಂದರು. ತಂದಿದ್ದು ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಶುಲ್ಕದಷ್ಟು. ಅಸಲು ಕರಗದ ಹಾಗೆ ವರ್ಷಕ್ಕೆ ತೆಗೆಯಬಹುದಾದದ್ದು ಸಾಮಾನ್ಯವಾಗಿ ಶೇಕಡಾ 4ರಿಂದ 5. ಅಂದರೆ ಪ್ರತಿ ವರ್ಷದ ಶುಲ್ಕ ಹುಟ್ಟಬೇಕಾದರೆ ಅದರ 20–25 ಪಟ್ಟು ಹಣ ಇಡಬೇಕು. ಕಾಗದದ ಮೇಲೆ ಬರೆದು ತೋರಿಸಿದೆ. ಈಗ ಅವರು ನಿಧಿಯ ಮಾತು ಬಿಟ್ಟು ವರ್ಷಕ್ಕೊಮ್ಮೆ ಒಬ್ಬರ ಶುಲ್ಕ ಕಟ್ಟುತ್ತಾರೆ.

ಯಾರನ್ನು ಮೊದಲು ಕೇಳಬೇಕು ಅನ್ನುವುದಕ್ಕೆ ಹದಿನೆಂಟನೇ ಶತಮಾನದ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಹೇಳಿದ ಕ್ರಮವನ್ನೇ ಹಿಡಿದಿದ್ದೇನೆ: ಮೊದಲು ಖಂಡಿತ ಕೊಡುವವರು, ಆಮೇಲೆ ಅನುಮಾನದವರು (ಆಗಲೇ ಕೊಟ್ಟವರ ಪಟ್ಟಿಯನ್ನು ಇವರಿಗೆ ತೋರಿಸಬೇಕು), ಕೊನೆಗೆ ಕೊಡುವುದೇ ಇಲ್ಲ ಎಂದು ನಾವು ಅಂದುಕೊಂಡವರು, ಯಾಕೆಂದರೆ ನಮ್ಮ ಅಂದಾಜು ತಪ್ಪಿರಬಹುದು. 1751ರಲ್ಲಿ ಫಿಲಡೆಲ್ಫಿಯಾದ ಆಸ್ಪತ್ರೆಗಾಗಿ ಆತ ಹೂಡಿದ ಉಪಾಯವೂ ಗಟ್ಟಿಯದು: ಜನ 2000 ಪೌಂಡ್ ಕೂಡಿಸಿದರೆ ಶಾಸನಸಭೆ ಇನ್ನೊಂದು 2000 ಕೊಡಬೇಕು. ನಾವೂ ಮಂಡಳಿಯ ಸದಸ್ಯರೊಬ್ಬರಿಂದ ಇಂಥ ಸರಿಜೋಡಿಯ ಮಾತು ಪಡೆದೆವು. ಜನ ಕೊಡದಿದ್ದರೆ ನೀವೂ ಕೊಡುವುದಿಲ್ಲ ತಾನೆ ಎಂದು ಮೊದಲೇ ಕೇಳಿ ಬರೆಸಿಕೊಂಡೆ. ಹೇಗೂ ಬರಲಿರುವ ಹಣವನ್ನು ಸರಿಜೋಡಿ ಅನ್ನುವುದು ಮೋಸ.

ಉಳಿದದ್ದೆಲ್ಲ ದಿನಚರಿ. ಎರಡು ದಿನದೊಳಗೆ ರಸೀದಿ, ಕೈಬರಹದ ಎರಡು ಸಾಲು, ಆರು ತಿಂಗಳಿಗೆ ಹಣ ಎಲ್ಲಿ ಹೋಯಿತು ಎಂಬ ಪತ್ರ. ಆ ಪತ್ರದಲ್ಲಿ ಏನನ್ನೂ ಕೇಳುವುದಿಲ್ಲ. ಬ್ಯಾಚಿಗೊಬ್ಬರು ಪ್ರತಿನಿಧಿ ಇದ್ದಾರೆ. ನಾನು ಕೇಳುವುದಕ್ಕಿಂತ ಹಿಂದಿನ ಬೆಂಚಿನ ಗೆಳೆಯ ಕೇಳಿದರೆ ಕೆಲಸ ಬೇಗ ಆಗುತ್ತದೆ.

ನಾನೂ ಇದೇ ಕಾಲೇಜಿನಲ್ಲಿ ಓದಿದವನು, ನನ್ನ ಬ್ಯಾಚಿಗೆ ನಾನೇ ಪ್ರತಿನಿಧಿ. ಸೈಬಂಟ್ ಪಟ್ಟಿಯಲ್ಲಿ ಟಿಕ್ ಬೀಳದ ಏಳು ಹೆಸರು ಉಳಿದಿವೆ. ಏಳರಲ್ಲಿ ಐದು ನನ್ನ ಸಹಪಾಠಿಗಳದ್ದೇ. ಎರಡು ವರ್ಷದಿಂದ ಆ ನಂಬರ್ ಒತ್ತಲು ಕೈ ಬಂದಿಲ್ಲ.