ಸ್ವಂತ ಜೆಂಕಿನ್ಸ್ ಸರ್ವರ್: ಕೆಂಪು ಎಂದರೆ ಕೋಡ್ ತಪ್ಪು ಎಂದೇ ಆಗಬೇಕು

ನಮ್ಮ ಕೋಡ್ ಹೊರಗಿನ ಯಂತ್ರಕ್ಕೆ ಹೋಗುವಂತಿರಲಿಲ್ಲ. ಹಾಗಾಗಿ ಒಳ ನೆಟ್‌ವರ್ಕ್‌ನಲ್ಲೇ ಜೆಂಕಿನ್ಸ್ (ಕೋಡನ್ನು ತಾನಾಗಿ ಕಟ್ಟಿ ಪರೀಕ್ಷಿಸುವ ತಂತ್ರಾಂಶ) ಹಾಕಿದೆ: ಉಬುಂಟು, ಜಾವಾ 21, 8080 ಪೋರ್ಟ್. ಇನ್‌ಸ್ಟಾಲ್ ಮಾಡುವುದರಲ್ಲಿ ಕಷ್ಟವೇನಿಲ್ಲ. ಕೋಡ್ ಸರಿ ಇದ್ದಾಗಲೂ ಬಿಲ್ಡ್ (ಹೀಗೆ ಕಟ್ಟಿ ಪರೀಕ್ಷಿಸುವ ಒಂದು ಸುತ್ತು) ಕೆಂಪಾಗತೊಡಗಿದರೆ, ಅಂದರೆ ವಿಫಲ ಎಂದು ತೋರಿಸತೊಡಗಿದರೆ ಮಾತ್ರ ತಂಡ ಅದರತ್ತ ನೋಡುವುದನ್ನೇ ಬಿಟ್ಟುಬಿಡುತ್ತದೆ. ನನ್ನ ಶ್ರಮವೆಲ್ಲ ಅದನ್ನು ತಡೆಯುವುದಕ್ಕೇ ಹೋಯಿತು.

ಮೊದಲು ಬಿಲ್ಟ್-ಇನ್ ನೋಡ್‌ನ, ಅಂದರೆ ಜೆಂಕಿನ್ಸ್ ಇರುವ ಯಂತ್ರದ್ದೇ, ಎಕ್ಸಿಕ್ಯೂಟರ್ ಸಂಖ್ಯೆಯನ್ನು (ಒಟ್ಟಿಗೆ ಎಷ್ಟು ಬಿಲ್ಡ್ ಓಡಬಹುದು ಎಂಬುದನ್ನು) 0 ಮಾಡಿದೆ. ಬಿಲ್ಡ್ ಅಲ್ಲೇ ಓಡಿದರೆ ಯಾವ ಸ್ಕ್ರಿಪ್ಟ್ ಬೇಕಾದರೂ ಜೆಂಕಿನ್ಸ್‌ನ ಗುಟ್ಟಿನ ಫೈಲುಗಳನ್ನು ಓದಬಹುದು. ಬಿಲ್ಡ್ ಓಡಿಸುವ ಏಜೆಂಟ್‌ಗೆ ಬೇರೆಯೇ ವರ್ಚುವಲ್ ಮಷೀನ್ ಕೊಟ್ಟೆ. ಏಕೆಂದರೆ ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣಗಳಲ್ಲಿ ಓಡಿಸುವ ತಂತ್ರಾಂಶ) ಗುಂಪಿಗೆ ಸೇರಿದ ಯೂಸರ್‌ಗೆ ಆ ಯಂತ್ರದ ರೂಟ್ ಅಧಿಕಾರ, ಅಂದರೆ ಪೂರ್ಣ ಹಿಡಿತ, ಸಿಕ್ಕಂತೆಯೇ ಲೆಕ್ಕ.

ಪ್ರತಿ ಬಿಲ್ಡ್‌ಗೂ ಹೊಸ ಕಂಟೇನರ್, ಹೊಸ ಪೋಸ್ಟ್‌ಗ್ರೆಸ್ ಡೇಟಾಬೇಸ್. ಅದರ 5432 ಪೋರ್ಟನ್ನು ಹೋಸ್ಟ್‌ಗೆ (ಕಂಟೇನರ್‌ಗಳು ಓಡುವ ಯಂತ್ರಕ್ಕೆ) ತೆರೆದಿಟ್ಟರೆ ಒಟ್ಟಿಗೆ ಓಡುವ ಎರಡು ಬಿಲ್ಡ್‌ಗಳು ಡಿಕ್ಕಿ ಹೊಡೆಯುತ್ತವೆ. ಅದಕ್ಕೆ ಬಿಲ್ಡ್ ನಂಬರ್ ಹೆಸರಿನಲ್ಲೇ ಒಂದೊಂದು ಡಾಕರ್ ನೆಟ್‌ವರ್ಕ್ ಮಾಡಿದೆ. ಇನ್ನೊಂದು ಸೂಕ್ಷ್ಮ: ಪೋಸ್ಟ್‌ಗ್ರೆಸ್‌ನ ಅಧಿಕೃತ ಇಮೇಜ್ (ಕಂಟೇನರ್‌ನ ಅಚ್ಚು) ಮೊದಲ ಸಲ ಏಳುವಾಗ ತಾತ್ಕಾಲಿಕ ಸರ್ವರ್ ಒಂದನ್ನು ಎಬ್ಬಿಸಿ, ಆರಂಭಿಕ ಸ್ಕ್ರಿಪ್ಟ್ ಓಡಿಸಿ, ಅದನ್ನು ನಿಲ್ಲಿಸಿ ಮತ್ತೆ ಏಳುತ್ತದೆ. ಈ ನಡುವೆ ಯೂನಿಕ್ಸ್ ಸಾಕೆಟ್ (ಯಂತ್ರದೊಳಗಿನದೇ ಸಂಪರ್ಕ ದಾರಿ) ಮೂಲಕ ಕೇಳಿದರೆ ‘ಸಿದ್ಧ’ ಎನ್ನುತ್ತದೆ. ಟೆಸ್ಟ್ ಶುರುವಾದ ಕೂಡಲೇ ಕನೆಕ್ಷನ್ ಕಡಿಯುತ್ತದೆ. ಆ ತಾತ್ಕಾಲಿಕ ಸರ್ವರ್ ಟಿಸಿಪಿಗೆ (ನೆಟ್‌ವರ್ಕ್ ಸಂಪರ್ಕಕ್ಕೆ) ಕಿವಿಗೊಡುವುದಿಲ್ಲ, ಹಾಗಾಗಿ 127.0.0.1 ವಿಳಾಸಕ್ಕೇ ಕೇಳಿ ಕಾಯಬೇಕು.

ಕ್ರೋಮ್ ಟೆಸ್ಟ್‌ಗಳು ಕಾರಣವಿಲ್ಲದೆ ಕುಸಿದರೆ ಶೇರ್ಡ್ ಮೆಮೊರಿ (ಪ್ರೋಸೆಸ್‌ಗಳು ಹಂಚಿಕೊಳ್ಳುವ ಮೆಮೊರಿ) ನೋಡಿ. ಡಾಕರ್ ತಾನಾಗಿ ಕೊಡುವುದು 64 ಎಂಬಿ. ನಾನು 1 ಜಿಬಿ ಕೊಟ್ಟಿದ್ದೇನೆ. ಎಕ್ಸಿಟ್ ಕೋಡ್ 137 ಬಂದರೆ ಹೆಚ್ಚಾಗಿ ರ್‍ಯಾಮ್ ಸಾಲದೆ ಕರ್ನಲ್ ಪ್ರೋಸೆಸ್ಸನ್ನು ಕೊಂದಿರುತ್ತದೆ. ಎಕ್ಸಿಕ್ಯೂಟರ್ ಕಡಿಮೆ ಮಾಡಿ, ಟೆಸ್ಟ್ ತಿದ್ದಲು ಹೋಗಬೇಡಿ.

ಜೆಯುನಿಟ್ ವರದಿ (ಟೆಸ್ಟ್ ಫಲಿತಾಂಶದ ಫೈಲ್) ಸಂಗ್ರಹಿಸುವ ಹಂತವನ್ನು ಪೈಪ್‌ಲೈನ್‌ನ (ಬಿಲ್ಡ್‌ನ ಹಂತಗಳನ್ನು ಬರೆದಿಡುವ ಸ್ಕ್ರಿಪ್ಟ್‌ನ) ‘ಪೋಸ್ಟ್’ ಭಾಗದಲ್ಲಿ, ಫಲಿತಾಂಶ ಏನೇ ಆದರೂ ಓಡುವ ‘ಆಲ್ವೇಸ್’ ಒಳಗಿಡಿ. ಟೆಸ್ಟ್ ಹಂತದ ಸಾಲುಗಳ ಕೆಳಗೆ ಇಟ್ಟರೆ, ಟೆಸ್ಟ್ ಬಿದ್ದಾಗಲೇ ವರದಿ ಸಿಗುವುದಿಲ್ಲ. ಬಿದ್ದ ಟೆಸ್ಟನ್ನು ತಾನಾಗಿ ಮತ್ತೆ ಓಡಿಸುವ ವ್ಯವಸ್ಥೆ ನನಗೆ ಒಪ್ಪಿಗೆಯಿಲ್ಲ, ಅದು ನಿಜವಾದ ದೋಷವನ್ನೂ ಮುಚ್ಚಿಹಾಕುತ್ತದೆ.

ಡಿಸ್ಕ್‌ಗೆ: ಕೊನೆಯ 20 ಬಿಲ್ಡ್ ಮಾತ್ರ ಉಳಿಸಿ, ಹಳೆಯ ಇಮೇಜ್‌ಗಳನ್ನು ವಾರಕ್ಕೊಮ್ಮೆ ಅಳಿಸಿ. ಜಾಗವಿದ್ದೂ ‘ಡಿಸ್ಕ್ ತುಂಬಿದೆ’ ಎಂದರೆ ಐನೋಡ್ (ಪ್ರತಿ ಫೈಲಿಗೂ ಡಿಸ್ಕ್‌ನಲ್ಲಿ ಬೇಕಾಗುವ ದಾಖಲೆ) ಮುಗಿದಿರಬಹುದು. ನೋಡ್.ಜೆಎಸ್ (ಜಾವಾಸ್ಕ್ರಿಪ್ಟ್) ಪ್ಯಾಕೇಜ್‌ಗಳ ಸಣ್ಣ ಫೈಲುಗಳು ಅದನ್ನು ಬೇಗ ತಿನ್ನುತ್ತವೆ. ಬ್ಯಾಕಪ್‌ನಲ್ಲಿ ಕ್ರೆಡೆನ್ಶಿಯಲ್ಸ್ ಫೈಲ್ ಜೊತೆ ಸೀಕ್ರೆಟ್ಸ್ ಫೋಲ್ಡರ್ ಸಹ ಇರಬೇಕು. ಮಾಸ್ಟರ್ ಕೀ ಇರುವುದು ಅದರೊಳಗೆ. ಅದಿಲ್ಲದೆ ಉಳಿಸಿದ ಪಾಸ್‌ವರ್ಡ್‌ಗಳನ್ನು ಜೆಂಕಿನ್ಸ್ ಓದಲಾರದು.